ಕೆಂಪು ತೆಗೆದ ಮೊದಲ ದೃಶ್ಯ

ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಮಿಕ್ಸಿಂಗ್ ಕೋಣೆಯ ದೀಪ ಆರಿತು, ಪರದೆಯ ಮೇಲೆ ಸಿನಿಮಾದ ಮೊದಲ ದೃಶ್ಯ ಹದಿನೇಳನೆಯ ಸಲ ಶುರುವಾಯಿತು — ಬೂದು ಕಟ್ಟಡ, ಒಂದೇ ಅಳತೆಯ ನೂರಾರು ಕಿಟಕಿ, ಕೆಳಗಿನ ಮೂಲೆಯಲ್ಲಿ ಇರುವೆಯಷ್ಟು ಚಿಕ್ಕದಾಗಿ ನಿಂತ ಒಬ್ಬ ಹೆಂಗಸು, ಗಾಳಿಯನ್ನೂ ಚೀಟಿ ತೋರಿಸಿ ಪಡೆಯಬೇಕಾದ ಕಾಲದ ಕಥೆ ಇದು, ಆದರೆ ಹಾಗಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹೇಳಕೂಡದು ಅನ್ನುವುದು ನಿರ್ದೇಶಕಿಯ ಹಟ, ಮಾತಿಲ್ಲ, ಸಂಗೀತವಿಲ್ಲ, ಕ್ಯಾಮೆರಾ ಆ ಹೆಂಗಸಿನತ್ತ ಎಷ್ಟು ನಿಧಾನವಾಗಿ ಸರಿಯುತ್ತದೆಂದರೆ ಅದು ಸರಿಯುತ್ತಿದೆ ಅಂತ ಗೊತ್ತಾಗುವ ಹೊತ್ತಿಗೆ ನೋಡುವವರ ಬೆನ್ನು ಬಿಗಿದಿರುತ್ತದೆ, ಮತ್ತು ಎಲ್ಲದರ ಅಡಿಯಲ್ಲಿ ಗುಂಯ್ ಅನ್ನುವ ಒಂದು ಸದ್ದು, ಆರು ಸೆಕೆಂಡಿಗೊಮ್ಮೆ ಪುಸ್ ಅಂತ ಒಂದು ಉಸಿರು, ಇಡೀ ಊರಿಗೆ ಯಾರೋ ಲೆಕ್ಕ ಹಾಕಿ ಗಾಳಿ ಬಿಡುತ್ತಿರುವ ಹಾಗೆ, ಅದು ಸಿನಿಮಾಕ್ಕೆ ಸದ್ದು ಕೂಡಿಸುವ ಇವನು ತಂದದ್ದು, ತನ್ನ ಅಕ್ಕನ ಮಂಚದ ಪಕ್ಕದಿಂದ. ಏನ್ ಸಾರ್ ಇದು, ಕೇಳ್ತಾ ಕೇಳ್ತಾ ನನ್ನ ಉಸಿರೂ ಅದರ ಲೆಕ್ಕಕ್ಕೇ ಬೀಳುತ್ತೆ, ಅಂದಿದ್ದ ಬಣ್ಣ ತಿದ್ದುವವನು ಮೊದಲ ದಿನ, ಇವನು ಹೆಮ್ಮೆಯಿಂದ ನಕ್ಕಿದ್ದ, ಆ ನಗು ಈಗ ನೆನಪಾದರೆ ಮೈ ಹಿಡಿಯಾಗುತ್ತದೆ. ತೊಡೆಯ ಮೇಲೆ ಫೋನು, ಒಂಬತ್ತು ಗಂಟೆಗೆ ಬಂದ ಸಂದೇಶ, ಅಕ್ಕನ ಮಗಳದು, ಮಾಮ, ಅಮ್ಮನ ದನಿ ನಿಮ್ಮ ಹತ್ರ ಏನಾದ್ರೂ ಇದ್ಯಾ, ಒಂದೇ ಒಂದು ಮಾತಿದ್ರೂ ಸಾಕು, ನನ್ನ ಫೋನಲ್ಲಿ ಬರೀ ಫೋಟೋ. ಅಕ್ಕ ಹೋಗಿ ಇವತ್ತಿಗೆ ಮೂರು ತಿಂಗಳು ಎರಡು ದಿನ. ಇಪ್ಪತ್ತಾರು ವರ್ಷದಿಂದ ಸದ್ದು ಹಿಡಿಯುವ ಕೆಲಸ, ಬೀರು ತುಂಬ ಡಿಸ್ಕು, ಗೂಡ್ಸ್ ಗಾಡಿಯ ಬ್ರೇಕು ಇದೆ, ಹಂಚಿನ ಮೇಲೆ ಬೆಕ್ಕು ನಡೆದದ್ದಿದೆ, ಏಳು ಥರದ ಬಾಗಿಲು ಕಿರುಗುಟ್ಟಿದ್ದಿದೆ, ಅಕ್ಕ ಇಲ್ಲ — ಊರಿನ ಸದ್ದೆಲ್ಲ ಕೇಳುತ್ತೆ ಇವನಿಗೆ, ನಾನು ಕರೆದ್ರೆ ಮಾತ್ರ ಕೇಳಲ್ಲ, ಕಿವುಡ, ಬಾರೋ ಊಟಕ್ಕೆ, ಆ ದನಿ ಇವನ ತಲೆಯೊಳಗೆ ಸ್ವಚ್ಛವಾಗಿದೆ, ಆದರೆ ತಲೆಗೆ ತಂತಿ ಸಿಕ್ಕಿಸಿ ಅದನ್ನು ಹೊರಗೆಳೆಯುವುದು ಹೇಗೆ. ಅವಳಿಗೋ ರೆಕಾರ್ಡ್ ಅಂದರೆ ನಾಚಿಕೆ, ನನ್ನ ಕಾಗೆ ಗಂಟಲು ಯಾರಿಗೆ ಬೇಕೋ, ಅನ್ನುತ್ತಿದ್ದಳು, ಇವನೂ ಒತ್ತಾಯ ಮಾಡಲಿಲ್ಲ, ಒಂದು ಸಲವೂ ಮಾಡಲಿಲ್ಲ.

ಪರದೆಯಲ್ಲಿ ಹೆಂಗಸು ಈಗ ಹೆಬ್ಬೆರಳಿನಷ್ಟು ದೊಡ್ಡವಳಾಗಿದ್ದಾಳೆ, ಮುಖವಿನ್ನೂ ಕಾಣುವುದಿಲ್ಲ, ಕೆಂಪು ಪೂರ್ತಿ ತೆಗೆದಿದ್ದೀನಿ ಮೇಡಂ, ತುಟೀಲೂ ಬಿಟ್ಟಿಲ್ಲ, ಅನ್ನುತ್ತಾನೆ ಬಣ್ಣದವನು ಕತ್ತಲಲ್ಲಿ, ನಿಜ, ಚರ್ಮವೂ ಗೋಡೆಯೂ ಒಂದೇ ಸೀಸದ ಬಣ್ಣ — ಅಕ್ಕನ ಕೋಣೆಯಲ್ಲಿ ಕೆಂಪು ಇತ್ತು, ಒಂದೇ ಒಂದು ಚುಕ್ಕೆ, ರಕ್ತದ ಆಮ್ಲಜನಕ ಅಳೆಯಲು ಬೆರಳಿಗೆ ಕಚ್ಚಿಸಿದ್ದ ಆ ಪುಟ್ಟ ಯಂತ್ರದ ದೀಪ, ಉಗುರಿನೊಳಗಿಂದ ಹೊಳೆಯುತ್ತಿತ್ತು. ಅವಳನ್ನು ನೋಡೋಕೆ ಹೋಗಿದ್ದನೋ ಸದ್ದು ಹಿಡಿಯೋಕೆ ಹೋಗಿದ್ದನೋ, ಎರಡಕ್ಕೂ ಅಂತ ಆಗ ಅಂದುಕೊಂಡಿದ್ದ, ಆದರೆ ಚೀಲದಿಂದ ಮೊದಲು ಹೊರಬಂದದ್ದು ಮೈಕು, ಆಮೇಲೆ ಮೋಸಂಬಿ. ಆಮ್ಲಜನಕದ ಯಂತ್ರದ ಪಕ್ಕ ಮೈಕು ನಿಲ್ಲಿಸುವಾಗ ಕರೆಂಟು ಹೋಯಿತು, ಗುಂಯ್ ನಿಂತಿತು, ಬ್ಯಾಟರಿ ಹತ್ತಿಕೊಳ್ಳಲು ನಾಲ್ಕು ಸೆಕೆಂಡು, ಆ ನಾಲ್ಕು ಸೆಕೆಂಡು ಭಾವ, ಅಕ್ಕನ ಮಗಳು, ಇವನು, ಮೂವರೂ ಉಸಿರು ಬಿಗಿಹಿಡಿದು ಯಂತ್ರ ನೋಡಿದರು, ಅಕ್ಕ ಒಬ್ಬಳೇ ಇವರ ಮುಖ ನೋಡಿ, ಯಾಕ್ರೋ ಎಲ್ಲ ಸತ್ತವರ ಹಾಗೆ ನಿಂತ್ರಿ, ಅಂದಳು, ಅದೂ ರೆಕಾರ್ಡ್ ಆಗಲಿಲ್ಲ, ಗುಂಡಿ ಇನ್ನೂ ಒತ್ತಿರಲಿಲ್ಲ. ಆ ನಾಲ್ಕು ಸೆಕೆಂಡನ್ನು ಇವನು ದೃಶ್ಯದ ಕೊನೆಗೆ ತಂದಿಟ್ಟ, ಹೆಂಗಸು ತಿರುಗಿ ನಮ್ಮ ಕಡೆ ನೋಡುವ ಕ್ಷಣಕ್ಕೆ ಎಲ್ಲ ಸದ್ದು ಕಡಿದು ಹಾಕಿದ, ನಿರ್ದೇಶಕಿ ತಬ್ಬಿಕೊಂಡುಬಿಟ್ಟಳು, ಎಲ್ಲಿಂದ ಹೊಳೀತು ಮಾರಾಯ್ರೆ ನಿಮಗೆ.

ಅವತ್ತು ಯಂತ್ರ ಮತ್ತೆ ಹತ್ತಿಕೊಂಡ ಮೇಲೆ ಮಗಳೂ ಭಾವನೂ ಅಡುಗೆಮನೆಗೆ ಹೋದರು, ಗುಂಡಿ ಒತ್ತಿದ, ಕೋಣೆಯ ಮೌನ ಹಿಡಿಯಬೇಕಾದಾಗ ಸೆಟ್ಟಿನಲ್ಲಿ ಮಾಡುವ ಹಾಗೇ ತುಟಿಗೆ ಬೆರಳಿಟ್ಟ, ನೂರು ಜನ ಇದ್ದರೂ ಆ ಬೆರಳಿಗೆ ಕಲ್ಲಾಗುತ್ತಾರೆ, ಅಕ್ಕನೂ ಆದಳು, ಮೂರು ನಿಮಿಷ, ಮೂರೂವರೆ, ಹೆಡ್‌ಫೋನಿನಲ್ಲಿ ಗುಂಯ್ ಪುಸ್ ಗುಂಯ್, ಎಂಥ ಚೊಕ್ಕ ಸದ್ದು, ಆಮೇಲೆ ಅವಳು ಉಸಿರೆಳೆದುಕೊಂಡ ಸಪ್ಪಳ, ನಿನಗೆ ಒಂದು, ಅಂದಳು, ಒಂದು ಏನು, ಇವನು ಕಣ್ಣು ಬಿಟ್ಟು ಇನ್ನೊಮ್ಮೆ ಬೆರಳೆತ್ತಿದ, ತನ್ನ ಅಕ್ಕನಿಗೆ, ಇವನಿಗೆ ಅಕ್ಷರ ತಿದ್ದಿಸಿದವಳಿಗೆ, ಅವಳು ನಕ್ಕಳು, ಸದ್ದಾಗದ ಹಾಗೆ, ತಾನೂ ಬೆರಳೆತ್ತಿ ತುಟಿಯ ಮೇಲಿಟ್ಟುಕೊಂಡಳು, ಆ ಬೆರಳನ್ನೇ, ದೀಪದ ಬೆರಳನ್ನು. ಮುಗಿದ ಮೇಲೆ ಕೇಳಬಹುದಿತ್ತು, ಏನೋ ಹೇಳೋಕೆ ಹೊರಟಿದ್ಯಲ್ಲ ಅಕ್ಕ, ಕೇಳಲಿಲ್ಲ, ಮೂರು ಗಂಟೆಗೆ ಸ್ಟುಡಿಯೋ, ವೈರು ಸುತ್ತಿದ, ಭಾನುವಾರ ಬರ್ತೀನಿ ಅಂದ, ಅವಳು ಗುರುವಾರ ಹೋದಳು. ಸ್ಟುಡಿಯೋದಲ್ಲಿ ಕೂತು ಆ ಎರಡು ಮಾತನ್ನು ಕತ್ತರಿಸಿದ್ದ, ಸದ್ದು ಕೆಡುತ್ತದಲ್ಲ, ಅದೇ ತುಣುಕನ್ನು ಮತ್ತೆ ಮತ್ತೆ ಸುತ್ತು ಹಾಕಿ ಬಳಸುವಾಗ ಜನರಿಗೆ ಕೇಳಿಬಿಡುತ್ತದಲ್ಲ, ಕತ್ತರಿಸಿ ಮಿಕ್ಕದ್ದನ್ನು ಮೂಲ ಫೈಲಿನ ಹೆಸರಿನಲ್ಲೇ ಉಳಿಸಿ ರೆಕಾರ್ಡರಿನ ಕಾರ್ಡು ಖಾಲಿ ಮಾಡಿದ್ದ, ಕಾರ್ಡು ಖಾಲಿ ಮಾಡದೆ ಮನೆಗೆ ಹೋಗುವವನು ಕೆಲಸಗಾರನೇ ಅಲ್ಲ ಅಂತ ಬೇರೆಯವರಿಗೆ ಪಾಠ ಹೇಳಿದವನು. ಪರದೆಯಲ್ಲಿ ಹೆಂಗಸು ತಿರುಗುತ್ತಾಳೆ, ಸದ್ದು ನಿಲ್ಲುತ್ತದೆ, ಒಂದು, ಎರಡು, ಕೋಣೆಯಲ್ಲಿ ಯಾರೂ ಉಸಿರಾಡುವುದಿಲ್ಲ, ಮೂರು, ನಾಲ್ಕು. ಈ ದೃಶ್ಯ ಲಾಕ್ ಮಾಡೋಣ್ವಾ, ಇನ್ನು ಮುಟ್ಟೋದು ಬೇಡ, ನಿರ್ದೇಶಕಿ ಕೇಳುತ್ತಾಳೆ. ಮಾಡಿ, ಅನ್ನುತ್ತಾನೆ. ಫೋನಿನಲ್ಲಿ ಬರೆಯುತ್ತಾನೆ, ಎರಡು ಮಾತು ಇತ್ತು ಕಂದಾ, ನಿನಗೆ ಒಂದು ಅಂತ, ನಾನೇ ಅಳಿಸಿದೆ, ಉಳಿದದ್ದು ಅವಳು ಸುಮ್ಮನಿದ್ದದ್ದು, ಅದನ್ನು ಕಳಿಸ್ತಿದ್ದೀನಿ, ಜೊತೆಗೆ ಫೈಲು, ನಾಲ್ಕು ನಿಮಿಷ ಹನ್ನೊಂದು ಸೆಕೆಂಡು. ಉತ್ತರ ಬೇಗ ಬರುತ್ತದೆ, ಅಮ್ಮ ಏನು ಹೇಳೋಕೆ ಹೊರಟಿದ್ಲು ಮಾಮ. ಏನು ಹೇಳೋಕೆ — ನಿನಗೆ ಒಂದು — ಒಂದು — ತುಟಿಯ ಮೇಲೆ ಬೆರಳು, ಬೆರಳ ತುದಿಯಲ್ಲಿ ಕೆಂಪು.

ಹನ್ನೊಂದು ಹತ್ತಕ್ಕೆ ಎರಡನೆಯ ದೃಶ್ಯ ಶುರುವಾಯಿತು.