ಹೊಡೆದವರು ಪಕ್ಕ ಕೂರಬೇಕು

ನಾಟಕದಲ್ಲಿ ಹೊಡೆಯುವ ಪೆಟ್ಟಿನ ಸದ್ದು ಹೆಚ್ಚು, ನಿಜವಾದ ಪೆಟ್ಟಿನದು ಕಡಿಮೆ. ಇದು ನನಗೆ ಗೊತ್ತಾದದ್ದು ತಂಗಿಯ ಮಗಳು ನಿರೀಕ್ಷಾ ಮಣ್ಣಗುಡ್ಡದಲ್ಲಿ ಮಕ್ಕಳಿಗೆ ನೃತ್ಯ, ನಾಟಕ ಕಲಿಸುವ ಸ್ಟುಡಿಯೋ ತೆರೆದ ಮೇಲೆ. ಹೊಡೆಯುವವನ ಕೈ ಕೆನ್ನೆಯ ಮುಂದೆ ಗಾಳಿಯಲ್ಲಿ ಹಾದುಹೋಗುತ್ತದೆ. ಆ ಕ್ಷಣಕ್ಕೆ ಸರಿಯಾಗಿ ಬದಿಯಲ್ಲಿ ನಿಂತ ಇನ್ನೊಬ್ಬರು ತಮ್ಮ ತೊಡೆಗೆ ಬಲವಾಗಿ ತಟ್ಟುತ್ತಾರೆ. ಚಟಾರ್ ಎಂದು ಕೇಳುತ್ತದೆ. ನೋಡುವವರ ಎದೆ ಹಾರುತ್ತದೆ, ಯಾರಿಗೂ ತಾಗಿರುವುದಿಲ್ಲ.

ಸ್ಟುಡಿಯೋ ಎಂದರೆ ಎರಡನೇ ಮಾಳಿಗೆಯಲ್ಲಿ ಒಂದು ಹಾಲ್, ಪಕ್ಕದಲ್ಲಿ ಒಂದು ಚಿಕ್ಕ ಕೋಣೆ. ಆ ಕೋಣೆಯಲ್ಲಿ ಕೂತು ನಾನು ಮಕ್ಕಳ ಉಡುಪು ಹೊಲಿಯುತ್ತೇನೆ. ಹಾಲ್‌ನ ಗೋಡೆಯ ಮೇಲೆ ಮೊದಲ ವರ್ಷದ ಮಕ್ಕಳು ನೀಲಿ ಬಣ್ಣದಲ್ಲಿ ಬರೆದದ್ದು ಇನ್ನೂ ಉಂಟು: ‘ಕಣ್ಣು ನೋಡದೆ ಕೈ ಎತ್ತಬಾರದು. ಪೆಟ್ಟು ತಿನ್ನುವವರು ಒಮ್ಮೆ ಕಣ್ಣು ಮುಚ್ಚಿ ತೆರೆದರೆ ಮಾತ್ರ ಪೆಟ್ಟು. ಹೊಡೆದವರು ಬಿದ್ದವರ ಪಕ್ಕ ಕೂರಬೇಕು.’ ಈ ಕೊನೆಯದರಲ್ಲಿ ನಿರೀಕ್ಷಾ ಬಹಳ ಕಟ್ಟುನಿಟ್ಟು. ದೃಶ್ಯ ಮುಗಿದ ಕೂಡಲೇ ಹೊಡೆದವರು ಬಿದ್ದವರ ಬಳಿ ಕೂತು ‘ಸರಿ ಉಂಟಾ?’ ಎಂದು ಕೇಳಲೇಬೇಕು.

ಈ ವರ್ಷದ ನಾಟಕದಲ್ಲಿ ಹೆಂಡತಿಯನ್ನು ಹೊಡೆಯುವ ಗಂಡ ಕೌಶಲ್, ಹೆಂಡತಿ ಮೋಕ್ಷಾ. ಪೆಟ್ಟು ತಿಂದ ಅವಳು ಎತ್ತರದ ಕಟ್ಟೆಯಿಂದ ಹಿಮ್ಮುಖವಾಗಿ ಬೀಳಬೇಕು. ಪಕ್ಕದ ಮನೆಯವನಾಗಿ ಬರುವ ಅಝರ್ ಅವಳನ್ನು ಗಾಳಿಯಲ್ಲೇ ಹಿಡಿಯಬೇಕು. ಮೂವರೂ ಕಾಲೇಜಿನ ಮಕ್ಕಳು.

‘ಸರಿ ಉಂಟಾ?’ ಎಂದು ಕೌಶಲ್ ಕೂತರೆ ಮೋಕ್ಷಾ, ‘ಉಂಟು ಮಾರಾಯ. ನಿನ್ನ ಬೆವರಿನ ವಾಸನೆ ಮಾತ್ರ ಸರಿ ಇಲ್ಲ, ಆಚೆ ಸರಿ’ ಎನ್ನುತ್ತಿದ್ದಳು.

ಯಾರೋ ಆ ದೃಶ್ಯದ ಅಭ್ಯಾಸವನ್ನು ಮೊಬೈಲಿನಲ್ಲಿ ಹಿಡಿದು ಹಂಚಿದರು. ಅದರಲ್ಲಿ ಹೊಡೆದದ್ದು ಇರಲಿಲ್ಲ, ಬಿದ್ದವಳನ್ನು ಅಝರ್ ತೋಳಲ್ಲಿ ಹಿಡಿದದ್ದು ಮಾತ್ರ ಇತ್ತು. ಮೋಕ್ಷಾಳ ಅಣ್ಣ ದೀಪೇಶ್ ಆಗಷ್ಟೇ ಕುವೈತಿನಿಂದ ರಜೆಯಲ್ಲಿ ಬಂದಿದ್ದ. ಪಂಪ್‌ವೆಲ್ ಸರ್ಕಲ್ಲಿನ ಹೋಟೆಲಿನಲ್ಲಿ ಅವನ ಗೆಳೆಯರು ಚಹಾ ಕುಡಿಯುತ್ತಾ ಅದನ್ನು ಅವನಿಗೇ ತೋರಿಸಿದರಂತೆ.

ಆ ಸಂಜೆ ಅಝರ್ ಎಂದಿನಂತೆ ಮೊದಲು ನನ್ನ ಕೋಣೆಗೆ ಬಂದ. ‘ಅಜ್ಜಿ, ಇವತ್ತು ಎಂತ ಬಣ್ಣದ ನೂಲು?’ ಎಂದು ಕೇಳಿ, ಸೂಜಿಗಳಿಗೆಲ್ಲ ದಾರ ಪೋಣಿಸಿ, ಸಾಲಾಗಿ ಚುಚ್ಚಿಟ್ಟು ಹೋದ. ನನ್ನ ಕಣ್ಣಿಗೆ ಸೂಜಿಯ ತೂತು ಕಾಣುವುದಿಲ್ಲ ಎಂದು ನಾನು ಅವನಿಗೆ ಹೇಳಿರಲಿಲ್ಲ. ನಿರೀಕ್ಷಾ ನಾಟಕಕ್ಕೆ ಬೆಳಕು ಮಾಡುವವರ ಹತ್ತಿರ ಮಾತಾಡಲು ಕೆಳಗೆ ಇಳಿದಿದ್ದಳು.

‘ಯಾರ ಮನೆಯ ಹುಡುಗಿ ಅಂತ ಗೊತ್ತುಂಟಾ ನಿನಗೆ?’ ಎಂದು ಹಾಲ್‌ನ ಕಡೆಯಿಂದ ದೊಡ್ಡ ದನಿ ಬಂತು. ಹೊಸ ಮಾತು ಸೇರಿಸಿದ್ದಾರೆ ಎಂದುಕೊಂಡೆ. ಇಲ್ಲಿ ದಿನವೂ ಕಿರುಚಾಟವೇ. ಕೆಳಗಿನ ಮನೆಯವರು ಕೂಡ ಈಗ ತಲೆಯೆತ್ತಿ ನೋಡುವುದಿಲ್ಲ. ಆಮೇಲೆ ಅಕ್ಕಿಮುಡಿ ಕೆಳಗಿಟ್ಟ ಹಾಗೆ ದಪ್ ಎಂದಿತು. ಮತ್ತೊಮ್ಮೆ ದಪ್. ಚಟಾರ್ ಎನ್ನಲಿಲ್ಲ. ಬಟ್ಟೆ ಬದಿಗಿಟ್ಟು ಎದ್ದೆ.

ಬಾಗಿಲು ತೆರೆದೆ. ದೀಪೇಶ್ ಶೂಸು ಹಾಕಿಕೊಂಡೇ ಚಾಪೆಯ ಮೇಲೆ ನಿಂತಿದ್ದ. ಅವನ ಇಬ್ಬರು ಗೆಳೆಯರಲ್ಲಿ ಒಬ್ಬ ಹೊರಬಾಗಿಲಿಗೆ ಬೆನ್ನು ಕೊಟ್ಟಿದ್ದ. ಗೋಡೆಗೆ ಒರಗಿದ್ದ ಅಝರ್ ಹೊಟ್ಟೆ ಹಿಡಿದುಕೊಂಡಿದ್ದ. ಚಿಕ್ಕ ಮಕ್ಕಳು ಸಾಲಾಗಿ ಕೂತು ನೋಡುತ್ತಿದ್ದರು. ನಿರೀಕ್ಷಕ್ಕ ಯಾರೋ ಹೊಸ ನಟರನ್ನು ಕರೆಸಿದ್ದಾರೆ ಎಂದು ಅವರ ಎಣಿಕೆ.

‘ಹೆಸರೆಂತ?’

‘ಅಝರ್.’

‘ಜೋರಾಗಿ ಹೇಳು.’

‘ಅಝರ್.’

ಅಝರ್ ಅಭ್ಯಾಸದಂತೆ ಅವನ ಕಣ್ಣನ್ನೇ ನೋಡುತ್ತಿದ್ದ. ದೀಪೇಶ್ ಅವನ ಕಣ್ಣು ನೋಡಲಿಲ್ಲ. ಮುಷ್ಟಿ ದವಡೆಗೆ ಬಿತ್ತು. ಅಝರ್ ಕಲಿತ ಹಾಗೆಯೇ ಬದಿಗೆ ಉರುಳಿ, ಅಂಗೈ ನೆಲಕ್ಕೆ ಬಡಿದು ಬಿದ್ದ. ಎಷ್ಟು ಚಂದವಾಗಿ ಬಿದ್ದನೆಂದರೆ ಮಕ್ಕಳಲ್ಲಿ ಇಬ್ಬರು ಚಪ್ಪಾಳೆ ತಟ್ಟಿದರು. ಆಗ ದೀಪೇಶ್ ಶೂಸಿನ ಕಾಲೆತ್ತಿ ಅವನ ಭುಜದ ಮೇಲೆ ಒತ್ತಿ ತುಳಿದ. ತೆಂಗಿನ ಗರಿಯ ಒಣ ಕೊತ್ತಳಿಗೆ ಮುರಿದ ಹಾಗೆ ಕೇಳಿತು. ಅಝರ್ ಕೂಗಿದ ಕೂಗಿಗೆ ಚಪ್ಪಾಳೆ ತಟ್ಟಿದ ಮಕ್ಕಳೇ ಅಳತೊಡಗಿದರು.

‘ಅಣ್ಣ, ಬಿಡು! ನಾನು ಬೀಳುವಾಗ ಹಿಡಿಯುವುದು ಅವನ ಪಾರ್ಟು!’ ಮೋಕ್ಷಾ ನಡುವೆ ಬಂದಳು.

‘ಬೀಳುವ ಪಾರ್ಟು ನಿನಗ್ಯಾಕೆ? ನಡಿ ಮನೆಗೆ.’ ಜಡೆ ಹಿಡಿದು ಎಳೆದ. ಅವಳು ಕಿಟಕಿಯ ಸರಳನ್ನು ಗಟ್ಟಿ ಹಿಡಿದಳು, ಬಿಡಲಿಲ್ಲ.

‘ಬರುವುದಿಲ್ಲ. ನಾಟಕ ಮುಗಿಯದೆ ನಾನು ಇಲ್ಲಿಂದ ಬರುವುದಿಲ್ಲ.’

ಅವನು ಕೈ ಎತ್ತಿದ. ಅವಳು ಕಣ್ಣು ಅಗಲಿಸಿ ಅವನನ್ನೇ ನೋಡಿದಳು. ಮುಚ್ಚಲಿಲ್ಲ. ಅವನು ಹೊಡೆದ. ಬೆರಳಲ್ಲಿದ್ದ ಉಂಗುರ ಅವಳ ತುಟಿಯನ್ನು ಸೀಳಿತು. ನಾನು ಹೊಲಿದ ಹಳದಿ ದಾವಣಿಯ ಮೇಲೆ ರಕ್ತ ಇಳಿಯಿತು. ಅವನು ಮತ್ತೆ ಹೊಡೆದ.

ನಾನು ಕೂಗುತ್ತಾ ಮುಂದೆ ಹೋದೆ. ಬಾಗಿಲಲ್ಲಿದ್ದ ಗೆಳೆಯ ನನ್ನ ಮೊಣಕೈ ಹಿಡಿದು, ‘ಅಜ್ಜಿ, ಬೇಡ, ಬೀಳ್ತೀರಿ’ ಎಂದು ಮೆತ್ತಗೆ ಕುರ್ಚಿಯಲ್ಲಿ ಕೂರಿಸಿದ. ಕೂರಿಸುವಾಗ ನನ್ನ ಸೀರೆಯ ಸೆರಗು ಕುರ್ಚಿಯ ಕಾಲಿಗೆ ಸಿಕ್ಕಿದ್ದನ್ನು ಬಗ್ಗಿ ಬಿಡಿಸಿದ. ಅಷ್ಟು ಮೆತ್ತಗಿನ ಕೈ ಅಲ್ಲಿಗೆ ಯಾಕೆ ಬಂದಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಅಷ್ಟರಲ್ಲಿ ಕೌಶಲ್ ಮೂಲೆಯಲ್ಲಿದ್ದ ಬಿದಿರಿನ ಕೋಲು ತೆಗೆದಿದ್ದ. ಹಿಂದಿನಿಂದ ಬಂದು ದೀಪೇಶನ ತಲೆಗೆ ಬೀಸಿದ. ಮತ್ತೆ ಅದೇ ಮಂಕು ಸದ್ದು. ದೀಪೇಶನಿಗೆ ಬೀಳಲು ಯಾರೂ ಕಲಿಸಿರಲಿಲ್ಲ. ಮುಖ ಅಡಿಯಾಗಿ ಬಿದ್ದ. ಚಾಪೆಯ ಮೇಲೆ ರಕ್ತ ಹರಡುತ್ತಾ ಹೋಯಿತು. ಗೆಳೆಯರಿಬ್ಬರೂ ಅದನ್ನು ನೋಡಿ ಮೆಟ್ಟಿಲಿಳಿದು ಓಡಿದರು.

‘ಹಾಕು ಕೌಶಲ್! ಇನ್ನೊಂದು ಹಾಕು!’ ಎಂದು ಮಕ್ಕಳು ಕಿರುಚಿದರು. ನಾನು ಅಳತೆ ತೆಗೆದು ಅಂಗಿ ಹೊಲಿದ ಮಕ್ಕಳು. ಕೌಶಲ್ ಕೋಲನ್ನು ಮತ್ತೆ ಮೇಲೆತ್ತಿದ.

‘ಕೆಳಗಿಡು.’ ಓಡಿ ಬಂದಿದ್ದ ನಿರೀಕ್ಷಾ ಬಾಗಿಲಲ್ಲಿ ಏದುಸಿರು ಬಿಡುತ್ತಿದ್ದಳು.

‘ಅಕ್ಕ, ಇವನು ಅಝರ್‌ನ ಭುಜ ಮುರಿದ! ಮೋಕ್ಷಾನ ಬಾಯಿ ನೋಡಿ!’

‘ನೋಡಿದೆ. ಕೋಲು ಕೆಳಗಿಡು. ಹೊಡೆದವನು ಎಲ್ಲಿ ಕೂರಬೇಕು?’

‘ಇವನ ಪಕ್ಕವಾ? ಇವನ?’

‘ಗೋಡೆಯಲ್ಲಿ ಯಾರ ಹೆಸರೂ ಬರೆದಿಲ್ಲ, ಕೌಶಲ್.’

ಅವನು ಕೋಲೆಸೆದು ಅಳುತ್ತಾ ದೀಪೇಶನ ಪಕ್ಕ ಕೂತ. ಮೋಕ್ಷಾ ದಾವಣಿ ಬಿಚ್ಚಿ ಅವನತ್ತ ಎಸೆದಳು. ಕೌಶಲ್ ಅದನ್ನು ಮಡಚಿ ದೀಪೇಶನ ತಲೆಗೆ ಒತ್ತಿ ಹಿಡಿದ. ಅಝರ್‌ನ ತಲೆಯನ್ನು ನಿರೀಕ್ಷಾ ತೊಡೆಯ ಮೇಲೆ ಇಟ್ಟುಕೊಂಡಳು. ಎರಡು ರಿಕ್ಷಾಗಳಲ್ಲಿ ಆಸ್ಪತ್ರೆಗೆ ಹೋದೆವು.

ದೀಪೇಶ್, ಅಝರ್ ಇಬ್ಬರಿಗೂ ಅಕ್ಕಪಕ್ಕದ ಮಂಚ, ನಡುವೆ ಒಂದು ಪರದೆ. ದೀಪೇಶ್ ಎಚ್ಚರವಾದಾಗಲೆಲ್ಲ ವಾಂತಿ ಮಾಡುತ್ತಿದ್ದ. ಕೌಶಲ್ ಬೋಗುಣಿ ಹಿಡಿಯುತ್ತಿದ್ದ.

‘ನೀನು ಯಾರು?’ ದೀಪೇಶ್ ಕೇಳಿದ.

‘ಕೌಶಲ್.’

‘ಇಲ್ಲಿ ಕೆಲಸದವನಾ?’

‘ಅಲ್ಲ. ನಿಮ್ಮ ತಲೆಗೆ ಹೊಡೆದವನು.’

‘ಮತ್ತೆ ಇಲ್ಲಿ ಎಂತ ಮಾಡ್ತಿದ್ದಿ?’

‘ಕೂತಿದ್ದೇನೆ. ಸರಿ ಉಂಟಾ?’

ದೀಪೇಶ್ ಮುಖ ತಿರುಗಿಸಿದ. ಪರದೆಯ ಆಚೆ ಅಝರ್ ನೋವಿಗೆ ಹಲ್ಲು ಕಚ್ಚುವುದು ಎಲ್ಲರಿಗೂ ಕೇಳುತ್ತಿತ್ತು.

ಅಷ್ಟಕ್ಕೇ ಎಲ್ಲವೂ ಕರಗಲಿಲ್ಲ. ಅಝರ್‌ನ ತಾಯಿ ರುಖಿಯಾ ಪೊಲೀಸರಿಗೆ ದೂರು ಕೊಟ್ಟರು. ಕೊಡಬೇಕಾದದ್ದೇ. ಕೌಶಲ್ ತಾನೇ ಹೋಗಿ ದೀಪೇಶನ ತಲೆಗೆ ಹೊಡೆದದ್ದು ನಾನು ಎಂದು ಹೇಳಿಬಂದ. ಎರಡು ಕೇಸುಗಳೂ ಈಗಲೂ ನಡೆಯುತ್ತಿವೆ. ಆಮೇಲೆ ಮೋಕ್ಷಾ ಸ್ಟುಡಿಯೋಗೆ ಬರಲಿಲ್ಲ. ಅವಳ ಪಾರ್ಟನ್ನು ಬೇರೆಯವರಿಗೆ ಕೊಡು ಎಂದು ಎಲ್ಲರೂ ಹೇಳಿದರೂ ನಿರೀಕ್ಷಾ ಕೊಡಲಿಲ್ಲ. ನಾನು ಹೊಸ ಹಳದಿ ದಾವಣಿ ಹೊಲಿದಿಟ್ಟೆ.

ಒಂದು ಸಂಜೆ ಕೆಳಗೆ ಸ್ಕೂಟರ್ ನಿಂತಿತು. ಮೋಕ್ಷಾ ಮೆಟ್ಟಿಲು ಹತ್ತಿ ಬಂದಳು. ತುಟಿಯ ಹೊಲಿಗೆ ಬಿಚ್ಚಿದ್ದರು. ಬಿಟ್ಟುಹೋಗಲು ಬಂದವನು ದೀಪೇಶನೇ.

‘ಅಮ್ಮ ಅವನಿಗೆ ಬೈದರು ಅಜ್ಜಿ’ ಎಂದಳು. ‘“ಜಡೆ ಹಿಡಿದು ಎಳೆದ ಕೈ ನಿನ್ನದು. ಅವಳನ್ನು ವಾಪಸು ಬಿಟ್ಟು ಬರುವುದೂ ನೀನೇ. ಅಲ್ಲಿವರೆಗೆ ನನ್ನ ಕೈಯಿಂದ ಊಟ ಇಲ್ಲ” ಅಂತ.’

ಅವಳು ಕಟ್ಟೆಯ ಮೇಲೆ ನಿಂತಳು. ಕೌಶಲ್ ಎದುರು ನಿಂತು ಕೈ ಎತ್ತಿದ. ಅವಳು ಅವನನ್ನು ನೋಡಿದಳು. ಕಣ್ಣು ಮುಚ್ಚಲಿಲ್ಲ. ಕೌಶಲ್ ಕಾದ. ಎತ್ತಿದ ಕೈ ಹಾಗೆಯೇ ಇಟ್ಟು ಕಾದ. ಕೊನೆಗೆ ಕೈ ಇಳಿಸಿದ.

‘ನೀರು ಬೇಕಾ?’

‘ಬೇಡ. ಪುನಃ.’

ಪುನಃ ಹಾಗೆಯೇ ಆಯಿತು. ಯಾರೂ ಅವಸರ ಮಾಡಲಿಲ್ಲ. ಕೆಳಗೆ ಕಾಯಬೇಕಾಗಿದ್ದ ದೀಪೇಶ್ ಯಾವಾಗಲೋ ಮೇಲೆ ಬಂದು ಬಾಗಿಲ ಬಳಿ ನಿಂತಿದ್ದ. ಎತ್ತಿದ ಕೈಯೊಂದು ಹೊಡೆಯದೆ ಇಳಿಯುವುದನ್ನು ನೋಡುತ್ತಿದ್ದ.

ಆಮೇಲೆ ಮೋಕ್ಷಾ ಒಮ್ಮೆ ಕಣ್ಣು ಮುಚ್ಚಿ ತೆರೆದಳು.

ಕೌಶಲನ ಕೈ ಬೀಸಿತು. ಚಟಾರ್! ಅವಳು ಹಿಮ್ಮುಖವಾಗಿ ಹಾರಿದಳು. ಕೆಳಗಿದ್ದ ಮಕ್ಕಳು ಹಿಡಿದರು.

‘ಏಯ್!’ ದೀಪೇಶ್ ಒಳಗೆ ನುಗ್ಗಿದ. ‘ಏಯ್, ಯಾರಿಗೆ ಹೊಡೆದದ್ದು ನೀನು?’ ಕೌಶಲ್ ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡು ಹಿಂದೆ ಸರಿದ.

ಮಕ್ಕಳ ತೋಳುಗಳ ಮೇಲೆ ಮಲಗಿಕೊಂಡೇ ಮೋಕ್ಷಾ ಹೇಳಿದಳು: ‘ಅಣ್ಣ, ತಾಗಲಿಲ್ಲ.’

‘ಸದ್ದು ಕೇಳಿತಲ್ಲ!’

‘ಸದ್ದು ಅಝರ್‌ದು.’

ಅವನು ತಿರುಗಿದ. ಗೋಡೆಯ ಬಳಿ ಅಝರ್ ಒಂದು ಕೈಯನ್ನು ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿ ಇಳಿಬಿಟ್ಟು ಕೂತಿದ್ದ. ಇನ್ನೊಂದು ಕೈ ತೊಡೆಯ ಮೇಲೆಯೇ ಇತ್ತು. ಹಿಡಿಯುವ ಪಾರ್ಟು ಇನ್ನು ಅವನಿಂದ ಆಗದು. ಅದಕ್ಕೆ ನಿರೀಕ್ಷಾ ಸದ್ದಿನ ಕೆಲಸ ಕೊಟ್ಟಿದ್ದಳು.

ದೀಪೇಶ್ ಆ ಕೈಯನ್ನು ಬಹಳ ಹೊತ್ತು ನೋಡಿದ. ಮತ್ತೆ ಚಾಪೆ ತುಳಿದಿದ್ದ ತನ್ನ ಶೂಸುಗಳನ್ನು ನೋಡಿದ. ಹೊರಗೆ ನಡೆದ. ಹೋದ ಎಂದೇ ಎಲ್ಲರೂ ಅಂದುಕೊಂಡೆವು. ಶೂಸು ಬಿಚ್ಚಿಟ್ಟು ಬರಿಗಾಲಲ್ಲಿ ವಾಪಸು ಬಂದ. ಅಝರ್‌ನ ಪಕ್ಕ, ಪಟ್ಟಿ ಕಟ್ಟಿದ ಬದಿಗೆ, ನೆಲದ ಮೇಲೆ ಕೂತ. ‘ಸರಿ ಉಂಟಾ?’ ಎಂದು ಮಾತ್ರ ಕೇಳಲಿಲ್ಲ.

ಅಝರ್ ಅವನತ್ತ ತಿರುಗಲಿಲ್ಲ.

‘ಆ ಬದಿ ಬೇಡ’ ಎಂದ. ‘ಭುಜಕ್ಕೆ ತಾಗ್ತದೆ. ಈ ಬದಿಗೆ ಬನ್ನಿ.’

ದೀಪೇಶ್ ಎದ್ದು ಇನ್ನೊಂದು ಬದಿಗೆ ಹೋಗಿ ಕೂತ. ನಿರೀಕ್ಷಾ ‘ಪುನಃ’ ಎಂದಳು.