ಬೀಗ ಬಿದ್ದ ಫೋಲ್ಡರ್

ಕ್ರಿಸಾಂಟೊಗೆ ಕಣ್ಣು ಕಾಣದು. ಆದರೂ ಪರಾಗ್ವೆಯ ಆ ಪುಟ್ಟ ಊರಿನ ರೇಡಿಯೊದಲ್ಲಿ ದಿನಾ ಸಂಜೆ ಹುಟ್ಟುಹಬ್ಬದ ಶುಭಾಶಯ ಓದುವವನು ಅವನೇ. ಜನ ಕಳಿಸಿದ ಸಂದೇಶಗಳನ್ನು ಹೆಂಡತಿ ರುಫಿನಾ ಕಿವಿಯಲ್ಲಿ ಉಸುರುವಳು, ಇವನು ಮೈಕಿನಲ್ಲಿ ಮೊಳಗುವನು. ಹೀಗಾಗಿ ಆ ಕಾರ್ಯಕ್ರಮವನ್ನು ಊರೆಲ್ಲ ಮನೆಯಲ್ಲಿ ಕೂತು ಕೇಳಿತ್ತು, ರುಫಿನಾ ಒಬ್ಬಳನ್ನು ಬಿಟ್ಟು.

ಇವತ್ತು ಅವಳದೇ ಹುಟ್ಟುಹಬ್ಬ. "ನೀನು ಬರಬೇಡ, ರೇಡಿಯೊ ಹಚ್ಚು" ಎಂದು ಜಂಬದಿಂದ ಹೇಳಿ ಬಂದಿದ್ದ. ಪರದೆಯ ಅಕ್ಷರಗಳನ್ನು ಓದಿ ಹೇಳುವ ತಂತ್ರಾಂಶವನ್ನು ಸ್ಟುಡಿಯೊದ ಕಂಪ್ಯೂಟರಿಗೆ ಹಾಕಿಕೊಡಲು ತಂತ್ರಜ್ಞೆ ಮಾರ್ಲೆನೆ ಕೂತಿದ್ದಳು. ತಂತ್ರಾಂಶ ಸರಿಯಾಗಿ ಕೂರದಿದ್ದರೆ ರುಫಿನಾಳನ್ನೇ ಕರೆಸಿ, ಅವಳ ಶುಭಾಶಯವನ್ನು ಅವಳಿಂದಲೇ ಓದಿಸಿಕೊಳ್ಳಬೇಕು. ಅದಕ್ಕಿಂತ ನಾಚಿಕೆಗೇಡು ಇನ್ನೇನಿದೆ?

"ಥೂ, ಮತ್ತೆ ಕೈಕೊಡ್ತು ಮಾಮಾ," ಎಂದು ಮಾರ್ಲೆನೆ ತಣ್ಣನೆಯ ಎಲೆಕಷಾಯ ತೆರೆರೆಯನ್ನು ಸೊರ್ರನೆ ಹೀರಿದಳು.

"ಏನನ್ನುತ್ತೆ? ಇದ್ದದ್ದು ಇದ್ದ ಹಾಗೆ ಓದು."

"ಎನ್ ಡ್ರೈವ್‌ನಲ್ಲಿ ಬರೆಯಲು ಅನುಮತಿ ಇಲ್ಲ ಅಂತೆ."

"ನೀನು ಹಾಕ್ತಿರೋದು ಈ ಡಬ್ಬಕ್ಕೆ ತಾನೆ? ಎನ್ ಯಾರ ಮನೆ?"

ಹೀರುವ ಸದ್ದು ನಿಂತಿತು. "ಅಯ್ಯೋ ನನ್ನ ಬುದ್ಧಿಗಿಷ್ಟು! ಇಲ್ಲಿ ಎಲ್ಲರ ದಾಖಲೆಗಳ ಫೋಲ್ಡರ್ ಇರೋದು ಸ್ಟೇಷನ್ ಯಜಮಾನಿ ಕೋಣೆಯ ಎನ್ ಅನ್ನೋ ಸರ್ವರ್‌ನಲ್ಲಿ. ಈ ತಂತ್ರಾಂಶ ತನ್ನ ಸಾಮಾನು ಸ್ವಲ್ಪ ಅಲ್ಲಿಡೋಕೆ ಹೋಗ್ತಿದೆ. ಅವರು ಬೀಗ ಜಡಿದಿದ್ದಾರೆ. ಓದಬಹುದು, ಬರೆಯೋ ಹಾಗಿಲ್ಲ."

ಜಡಿಯದೆ ಇನ್ನೇನು ಮಾಡಿಯಾಳು? ಹಿಂದೊಮ್ಮೆ ಯಾರೋ ಪುಣ್ಯಾತ್ಮ ಅಲ್ಲಿ ಮದುವೆ ವಿಡಿಯೊ ತುಂಬಲು ಜಾಹೀರಾತುಗಳನ್ನೆಲ್ಲ ಅಳಿಸಿದ್ದ.

"ಅವರನ್ನ ಎಬ್ಬಿಸ್ಲಾ ಮಾಮಾ?"

"ಮಧ್ಯಾಹ್ನದ ನಿದ್ದೇಲಿ ಇರೋರನ್ನ? ನಿಂಗೆ ಕೆಲಸ ಬೇಕೋ ಬೇಡ್ವೋ?"

"ಹಾಗಾದ್ರೆ ಬೀಗ ಅಲ್ಲೇ ಇರ್ಲಿ. ದಾಖಲೆಗಳ ಜಾಗ ಈ ಯಂತ್ರದೊಳಗೇ ಇದೆ ಅಂತ ತಂತ್ರಾಂಶಕ್ಕೆ ತೋರಿಸಿಬಿಡ್ತೀನಿ."

ಕೀಲಿಗಳು ಟಪಟಪ ಎಂದವು. ಹೊಸ ಫೋಲ್ಡರ್, ಹೊಸ ದಾರಿ, ಇನ್ನೊಂದು ಪ್ರಯತ್ನ. ಕೊನೆಗೆ ಕಂಪ್ಯೂಟರಿನೊಳಗಿಂದ ಮೂಗಿನಲ್ಲಿ ಮಾತಾಡುವ ಹೆಂಗಸೊಬ್ಬಳು "ಸ್ವಾಗತ" ಎಂದಳು.

"ಇವಳಿಗೇನು ನೆಗಡಿಯಾ?"

"ಪುಕ್ಕಟೆ ಬಂದವಳು ಮಾಮಾ, ಕೊಂಕು ತೆಗೀಬೇಡಿ."

ಸಂಜೆ ಎಲ್ಲರ ಶುಭಾಶಯ ಓದಿ, ಕೊನೆಗೆ ಅವನು ಗಂಟಲು ಸರಿಮಾಡಿಕೊಂಡ. "ನನ್ನ ರುಫಿನಾಗೆ ಹುಟ್ಟುಹಬ್ಬದ ಶುಭಾಶಯ. ಇವತ್ತು ನಿಂಗೆ ರಜಾ ಕಣೆ."

ಅಷ್ಟರಲ್ಲಿ ಮೂಗಿನ ಹೆಂಗಸು ಆಗತಾನೆ ಬಂದ ಇನ್ನೊಂದು ಸಂದೇಶ ಉಸುರಿದಳು. ಕಿವಿಗೆ ಬಿದ್ದದ್ದನ್ನು ಮೈಕಿಗೆ ಹೇಳುವುದು ಅವನಿಗೆ ರೂಢಿಯಾಗಿಬಿಟ್ಟಿತ್ತು. ಊರೆಲ್ಲ ಕೇಳುವಂತೆ ಮೊಳಗಿಯೇ ಬಿಟ್ಟ:

"ಪಕ್ಕದಲ್ಲಿ ಕೂತಾಗ ಗೊತ್ತೇ ಆಗಿರ್ಲಿಲ್ಲ, ನಿನ್ನ ದನಿ ಇಷ್ಟು ಚೆನ್ನಾಗಿದೆ ಅಂತ. ಗಂಟಲು ಒಣಗಿದೆ, ನೀರು ಕುಡಿ. ರುಫಿನಾ."

ಮಾರ್ಲೆನೆ ನಗು ತಡೆಯಲಾರದೆ ನೀರಿನ ಲೋಟವನ್ನು ಅವನ ಕೈಗಿಟ್ಟಳು. ಕ್ರಿಸಾಂಟೊ ಮೈಕಿನ ಮುಂದೆಯೇ, ಮನೆಯಲ್ಲಿದ್ದವಳಿಗೆ ಕೇಳಿಸಲೆಂದು, ಗಟಗಟನೆ ಕುಡಿದ.