ಕೊನೆಯ ನಿಲ್ದಾಣದ ಆಚೆ

ಬ್ರೇಕು ತಡವಾಯಿತು, ತಿರುವಿಗೆ ಇನ್ನೊಂದಿಷ್ಟು ಮುಂಚೆಯೇ ಒತ್ತಬೇಕಿತ್ತು ಅನ್ನುವಷ್ಟರಲ್ಲಿ ಅವನ ಬಲಗಾಲು ತಾನಾಗಿಯೇ ಒತ್ತಿದೆ, ಒತ್ತಿದ್ದು ಬರೀ ನೆಲವನ್ನು — ಅಪ್ಪಾ, ನೀನು ಓಡಿಸ್ತಿಲ್ಲ, ಸುಮ್ನೆ ಕೂತ್ಕೋ, ಅನ್ನುತ್ತಾಳೆ ಮಗಳು ಗುಬ್ಬಿ, ಕಿಟಕಿಯಿಂದ ಮುಖ ತೆಗೆಯದೆ. ಸುಮ್ಮನೆ ಕೂರುವುದೇನು ಹುಡುಗಾಟವೇ, ಈ ದೇಶಕ್ಕೆ ಬಂದಾಗಿನಿಂದ ಅವನು ಓಡಿಸುತ್ತಿರುವುದು ಇದೇ ಬಸ್ಸು, ಇದೇ ದಾರಿ, ಆಸ್ಪತ್ರೆಯ ತಿರುವು, ಚಪ್ಪಲಿ ಅಂಗಡಿ, ಶಾಲೆಯ ಮುಂದಿನ ಉಬ್ಬು, ಯಾವಾಗಲೂ ಎದುರಿನಿಂದ ಬಂದು ಮೈಮೇಲೆ ಬೀಳುತ್ತಿದ್ದದ್ದೆಲ್ಲ ಇವತ್ತು ಪಕ್ಕದಲ್ಲಿ ಮೆತ್ತಗೆ ಜಾರಿಹೋಗುತ್ತಿದೆ, ಚಪ್ಪಲಿ ಅಂಗಡಿಯ ಮೇಲೆ ಒಂದು ಮನೆಯಿದೆ, ಮನೆಗೆ ಹಸಿರು ಬಾಗಿಲಿದೆ, ಯಾರಿಗೆ ಗೊತ್ತಿತ್ತು. ಹತ್ತುವಾಗ ಸ್ಟೇರಿಂಗಿನ ಮುಂದಿದ್ದ ಗೆಳೆಯ ಹಲ್ಲು ಕಿಸಿದಿದ್ದ, ರಜೆಯಲ್ಲೂ ಬಸ್ಸೇ ಬೇಕೇನಪ್ಪಾ ನಿಂಗೆ, ಮನೇಲಿ ನಿದ್ದೆ ಬರಲ್ವಾ — ಇವನು ನಕ್ಕು ಸೀಟಿನತ್ತ ನಡೆದಿದ್ದ, ಏನಂತ ಹೇಳುವುದು, ವಿಮಾನದ ಟಿಕೆಟ್ಟಿನ ದುಡ್ಡು ಉಳಿಸಿ ಸ್ವಂತ ಮನೆಗೆ ಮುಂಗಡ ಕೂಡಿಸ್ತಿದೀವಿ, ಅದಕ್ಕೇ ಈ ಸಲದ ಪ್ರವಾಸ ನಿನ್ನ ಬಸ್ಸಿನ ಕೊನೆಯ ನಿಲ್ದಾಣಕ್ಕೆ ಅಂತಲೇ. ಪಕ್ಕದಲ್ಲಿ ಹೆಂಡತಿ ಬುತ್ತಿಯ ಚೀಲವನ್ನು ತೊಡೆಯ ಮೇಲೆ ಹಿಡಿದು ಕೂತಿದ್ದಾಳೆ, ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ವರ್ಷವಿಡೀ ಹಾಸಿಗೆಬಟ್ಟೆ ಮಡಚಿದ ಕೈಗಳು ಚೀಲದ ಬಾಯನ್ನೂ ನಾಲ್ಕು ಮಡಿಕೆ ಮಾಡಿವೆ, ಊರಿಗೆ ಹೋಗುವುದು ಬೇಡ ಎಂದು ಅವನು ಅಂದ ದಿನ ಅವಳು ಅಂದಿದ್ದು ಒಂದೇ ಮಾತು, ನೀವು ಹೇಳಿದ ಹಾಗೇ ಆಗ್ಲಿ ಬಿಡಿ, ಆ ‘ಬಿಡಿ’ಯಲ್ಲಿ ಒಪ್ಪಿಗೆ ಎಷ್ಟು, ಬೇಸರ ಎಷ್ಟು, ಅಂದಿನಿಂದ ಅಳೆಯುತ್ತಲೇ ಇದ್ದಾನೆ, ಸಿಟ್ಟು ಮಾಡಿಕೊಂಡಿದ್ದರೆ ಸಮಾಧಾನವನ್ನಾದರೂ ಮಾಡಬಹುದಿತ್ತು. ಊರಲ್ಲಿ ಅತ್ತೆ ಆಗಲೇ ಹಾಸಿಗೆಗಳನ್ನು ಬಿಸಿಲಿಗೆ ಹಾಕಿದ್ದರಂತೆ, ಮಕ್ಕಳು ಬರ್ತಾರೆ ಅಂತ, ಮತ್ತೆ ಒಳಗೆ ತೆಗೆದಿಟ್ಟರಂತೆ, ಅದನ್ನು ಹೇಳುವಾಗಲೂ ಇವಳು ಪಾತ್ರೆ ಒರೆಸುತ್ತಲೇ ಇದ್ದಳು.

ಇಳೀರೀ, ಅನ್ನುತ್ತಾಳೆ ಹೆಂಡತಿ, ನಿಲ್ದಾಣ ಬಂದಿದೆ, ಇಲ್ಲಿ ಅವನು ದಿನಾ ಬಸ್ಸು ತಿರುಗಿಸುತ್ತಾನೆ, ಫ್ಲಾಸ್ಕಿನ ಚಹಾ ಕುಡಿಯುತ್ತಾನೆ, ಸಾಲುಮರಗಳ ಆಚೆ ಕೆರೆಯಿದೆ ಎಂದು ಕೇಳಿದವರಿಗೆಲ್ಲ ಕೈ ತೋರಿಸುತ್ತಾನೆ, ತಾನು ಮಾತ್ರ ಮರ ದಾಟಿದವನಲ್ಲ — ಇವತ್ತು ದಾಟಿದರೆ ಅಬ್ಬಾ, ಇಷ್ಟು ದೊಡ್ಡದೇ, ಆಚೆ ದಡದ ಮನೆಗಳು ಬೆಂಕಿಪೆಟ್ಟಿಗೆಯಷ್ಟಾಗಿವೆ, ಗುಬ್ಬಿ ಆಗಲೇ ಮರಳು ತೋಡುತ್ತಿದ್ದಾಳೆ, ಬುತ್ತಿ ಬಿಚ್ಚುವ ಹೊತ್ತಿಗೆ ಹೆಂಡತಿಯ ಫೋನು, ಅತ್ತೆಯ ವೀಡಿಯೊ ಕರೆ, ಅವಳು ಪರದೆಯನ್ನೊಮ್ಮೆ ನೋಡಿ, ನೀವೇ ಮಾತಾಡ್ತಿರಿ ಎಂದು ಅವನ ಕೈಗಿಟ್ಟು ಎದ್ದಳು, ಚಪ್ಪಲಿ ಬಿಟ್ಟಳು, ಚೂಡಿದಾರದ ಅಂಚನ್ನು ಸೊಂಟಕ್ಕೆ ಬಿಗಿದಳು. ಅಳಲು ಹೋದಳು, ನನ್ನ ಮುಂದೆ ಬೇಡವೆಂದು ದೂರ ಹೋದಳು, ಅಂದುಕೊಂಡ — ಚೆನ್ನಾಗಿದೀರಾ ಅಳಿಯಂದಿರೇ, ಅನ್ನುತ್ತಿದ್ದಾರೆ ಅತ್ತೆ, ಹೂಂ ಅತ್ತೆ ಅನ್ನುತ್ತಿದ್ದಾನೆ, ಕಣ್ಣು ಮಾತ್ರ ಅವಳ ಬೆನ್ನಿನ ಮೇಲೆ, ಪಾದ ಮುಳುಗಿತು, ಮೊಣಕಾಲು, ಸೊಂಟ, ಸಾಕು ನಿಲ್ಲೇ ಅನ್ನಬೇಕು, ಬಾಯಿ ತೆರೆದ, ಅವಳಿಲ್ಲ. ನೀರಿದೆ, ಅವಳಿಲ್ಲ. ಬೂಟು ಸಮೇತ ಓಡಿದ, ತನಗೆ ಈಜು ಬಾರದೆಂಬುದು ಮೊಣಕಾಲಿಗೆ ನೀರು ತಟ್ಟಿದ ಮೇಲೆ ನೆನಪಾಯಿತು, ಅಷ್ಟರಲ್ಲಿ ಎಷ್ಟೋ ದೂರದಲ್ಲಿ ತಲೆಯೊಂದು ಎದ್ದು, ಅದರ ಪಕ್ಕ ಒಂದು ಕೈ ಎದ್ದು, ನೀರನ್ನು ನಿಧಾನಕ್ಕೆ ಹಿಂದೆ ತಳ್ಳಿತು. ಏನಾಯ್ತು, ಏನಾಯ್ತು, ಅತ್ತೆ ಫೋನಿನೊಳಗಿಂದ ಕೂಗುತ್ತಿದ್ದಾರೆ, ಅತ್ತೇ, ಅವಳು ಈಜ್ತಿದಾಳೆ — ಅಯ್ಯೋ ಅಷ್ಟೇ ತಾನೇ, ಎಂದು ನಕ್ಕೇಬಿಟ್ಟರು, ನಿಮಗೆ ಹೇಳೇ ಇಲ್ವಾ, ಚಿಕ್ಕೋಳಿದ್ದಾಗ ಅವರಪ್ಪ ಬೆನ್ನಿಗೆ ಖಾಲಿ ಡಬ್ಬ ಕಟ್ಟಿ ಬಾವಿಗಿಳಿಸಿದ್ರು, ವಾರದೊಳಗೆ ಡಬ್ಬ ಬಿಚ್ಚಿ ಎಸೆದಳು, ಊಟಕ್ಕೆ ಕರೆದ್ರೂ ಮೇಲೆ ಬರ್ತಿರ್ಲಿಲ್ಲ. ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ, ಮೂರನೇ ಮಹಡಿಯ ಎರಡು ಕೋಣೆ, ಬಚ್ಚಲಲ್ಲಿ ಒಂದು ನಲ್ಲಿ, ಕೆಲಸಕ್ಕೆ ಹೋದರೆ ಒಗೆಯುವ ಯಂತ್ರದ ಗಾಜಿನಾಚೆ ಸುತ್ತುವ ನೀರು, ಈಜಿನ ಮಾತು ಬರುವುದಾದರೂ ಎಲ್ಲಿಂದ, ಒಂದೇ ಹಾಸಿಗೆಯಲ್ಲಿ ಇಷ್ಟು ವರ್ಷ ಮಲಗಿದವಳ ಬಗ್ಗೆ ಇನ್ನೇನೇನು ಗೊತ್ತಿಲ್ಲವೋ. ಮುಂದಿನ ವರ್ಷ ಖಂಡಿತ ಕರ್ಕೊಂಡ್ ಬರ್ತೀನಿ ಅತ್ತೆ, ಅಂದ, ಈ ಸಲ ಅವಳನ್ನ ಕೇಳದೇನೆ ನಾನೊಬ್ಬನೇ ತೀರ್ಮಾನ ಮಾಡ್ಬಿಟ್ಟೆ. ಬೇಜಾರಾಗಿದ್ದು ನಿಜ ಕಣಪ್ಪಾ, ಅಂದರು ಅತ್ತೆ, ಅದನ್ನ ಆಮೇಲೆ ಮಾತಾಡೋಣ, ಫೋನು ಅವಳ ಕಡೆ ತಿರುಗಿಸಿ ಸ್ವಲ್ಪ ಮೇಲಕ್ಕೆ ಹಿಡೀರಿ, ನೋಡ್ತೀನಿ. ನೆನೆದ ಪ್ಯಾಂಟಿನಲ್ಲಿ ನಿಂತೇ ಫೋನನ್ನು ತಲೆಯ ಮೇಲಕ್ಕೆತ್ತಿದ. ಗುಬ್ಬಿ ಬಂದು ಅವನ ಅಂಗಿ ಹಿಡಿದಳು, ಅಮ್ಮ ಎಲ್ಲಿಗೆ ಹೋಗ್ತಿದಾಳಪ್ಪಾ — ಗೊತ್ತಿಲ್ಲ ಕಣೇ, ನೋಡು. ಬಟ್ಟೆ ಮಡಚುವ ಅದೇ ಕೈ, ಒದ್ದೆಯಾಗಿ ಹೊಳೆಯುತ್ತ, ಎದ್ದಿತು, ಮುಳುಗಿತು, ಯಾವ ಅವಸರವೂ ಇಲ್ಲದೆ — ಎದ್ದಿತು ಆ ಕೈ, ಮುಳುಗಿತು — ಮತ್ತೆ ಎದ್ದಿತು, ಆ ಕೈ —